ಅಕ್ಕನ ದೇವರಮನೆಯ ಅರ್ಧ ಫೋಟೋ

ನಮ್ಮ ಮನೆಯಲ್ಲಿ ಸುತ್ತಿಗೆ ಬೇಕಾದವರು ಮೊದಲು ಚೀಟಿಗೆ ಸಹಿ ಹಾಕಬೇಕು. ವಸ್ತು, ಸಂಖ್ಯೆ, ಸ್ಥಿತಿ ಎಂದು ಮೂರು ಕಲಂ, ಕೆಳಗೆ ಪಡೆದವರ ಸಹಿ. ಸೈನ್ಯದ ಉಗ್ರಾಣದಲ್ಲಿ ಹದಿನೇಳು ವರ್ಷ, ಆಮೇಲೆ ಶಿಕಾರಿಪುರದಲ್ಲಿ ಒಂದು ಗೊಬ್ಬರದ ಗೋದಾಮಿನಲ್ಲಿ ಅದಕ್ಕಿಂತ ಹೆಚ್ಚು ವರ್ಷ ಇದೇ ಕೆಲಸ ಮಾಡಿದವನು ನಾನು. ಸಹಿ ಇಲ್ಲದೆ ಒಂದು ಮೊಳೆ ಹೊರಗೆ ಹೋದರೂ ಆ ದಿನ ಊಟ ರುಚಿಸುವುದಿಲ್ಲ. ಹೆಂಡತಿ ಮೊದಮೊದಲು ಸಿಟ್ಟಾಗುತ್ತಿದ್ದಳು. ಈಗ ಸ್ಥಿತಿಯ ಕಲಂನಲ್ಲಿ ತನಗೆ ತೋಚಿದ್ದನ್ನು ಬರೆದು ಸೇಡು ತೀರಿಸಿಕೊಳ್ಳುತ್ತಾಳೆ. ಕಳೆದ ಸಲ ಏಣಿ ತೆಗೆದುಕೊಂಡಾಗ "ಒಂದು ಕಾಲು ಕುಂಟು, ಕೊಟ್ಟವರ ಹಾಗೆ" ಎಂದು ಬರೆದಿದ್ದಳು. ನನಗೆ ಮಂಡಿನೋವು ಇರುವುದು ನಿಜ.

ಆಯುಧಪೂಜೆಯ ಹಿಂದಿನ ದಿನ ಟ್ರಂಕ್ ತೆರೆಯುವುದು ನನ್ನ ಇನ್ನೊಂದು ಪದ್ಧತಿ. ಒಳಗಿರುವ ಹದಿಮೂರು ಫೈಲುಗಳನ್ನು ಬಿಸಿಲಿಗೆ ಹಾಕಿ, ಡಾಂಬರು ಗುಳಿಗೆ ಬದಲಾಯಿಸಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸುತ್ತೇನೆ. ಹೊರಗೆ ಒರೆಸುತ್ತೇನೆ, ಒಳಗೆ ನೋಡುವುದಿಲ್ಲ. ಹೋದ ವರ್ಷ ನಾಲ್ಕನೆಯ ಫೈಲಿನ ಮೂಲೆಯನ್ನು ಹುಳು ತಿಂದಿದ್ದರಿಂದ ಬಿಚ್ಚಿ ನೋಡಬೇಕಾಯಿತು. ಹಳೆಯ ರಜಾ ಚೀಟಿಗಳ ನಡುವೆ ಒಂದು ಖಾಕಿ ಲಕೋಟೆ ಸಿಕ್ಕಿತು. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ "ಕತ್ತರಿಸಿದ ಭಾಗ ಹಿಂತಿರುಗಿಸಿದೆ" ಎಂಬ ಬರಹ, ಕೆಳಗೊಂದು ಸಹಿ.

ಒಳಗೆ ಎರಡು ಬೆರಳಗಲದ ಫೋಟೋ ಚೂರು. ಕಪ್ಪು ಬಿಳುಪಿನದು. ಏಳೆಂಟು ವರ್ಷದ ಹುಡುಗಿಯೊಬ್ಬಳು ನಿಂತಿದ್ದಾಳೆ. ಕಿವಿ ಮುಚ್ಚುವ ಸೈನ್ಯದ ಟೋಪಿ ಅವಳ ಹುಬ್ಬಿನವರೆಗೂ ಇಳಿದಿದೆ. ಹಿಂದೆ ಒಂದು ಕಬ್ಬಿಣದ ಸೇತುವೆ. ಹುಡುಗಿಯ ಬಲಗೈ ಪಕ್ಕಕ್ಕೆ ಚಾಚಿದೆ, ಮಣಿಕಟ್ಟಿನ ಹತ್ತಿರ ಕತ್ತರಿ ಆಡಿದೆ. ಕೈ ಇಲ್ಲ.

ಆ ಕೈ ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೊರಬ ತಾಲೂಕಿನ ಹೊಸಬಾಳೆಯಲ್ಲಿ, ನನ್ನ ಅಕ್ಕನ ದೇವರಮನೆಯಲ್ಲಿ.

ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ನಾನು ಹಿಮಾಲಯದ ಒಂದು ಘಟ್ಟದ ರಸ್ತೆಯ ಪಕ್ಕದಲ್ಲಿದ್ದೆ. ಗುಂಡು ಹಾರುತ್ತಿದ್ದದ್ದು ಬಹಳ ದೂರ. ಯುದ್ಧದಲ್ಲಿ ನನ್ನ ಪಾಲಿನ ಶೌರ್ಯ ಎಂದರೆ ಕಂಬಳಿ ಎಣಿಸುವುದು. ಆ ರಸ್ತೆಗೆ ಕಲ್ಲು ಒಡೆಯುತ್ತಿದ್ದವರು ಟಿಬೆಟಿನಿಂದ ಊರು ಬಿಟ್ಟು ಬಂದ ನಿರಾಶ್ರಿತರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಗುಡಾರಗಳಲ್ಲಿದ್ದರು. ರಸ್ತೆ ಒಂದು ಮೈಲಿ ಮುಂದೆ ಹೋದರೆ ಅವರ ಊರೂ ಒಂದು ಮೈಲಿ ಮುಂದೆ ಹೋಗುತ್ತಿತ್ತು.

ಅವರಲ್ಲೊಬ್ಬರನ್ನು ನಾನು ಮುದುಕರೆಂದೇ ತಿಳಿದಿದ್ದೆ. ಈಗ ಲೆಕ್ಕ ಹಾಕಿದರೆ ನಲವತ್ತೈದೂ ದಾಟಿರಲಿಕ್ಕಿಲ್ಲ. ಗಾಳಿಗೆ ಮುಖವೆಲ್ಲ ಸುಕ್ಕುಗಟ್ಟಿತ್ತು. ಕುರುಚಲು ಗಡ್ಡ, ಉದ್ದನೆಯ ನಿಲುವಂಗಿ, ಕೈಯಲ್ಲಿ ಸದಾ ಒಂದು ಜಪಸರ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಶಿಕಾರಿಪುರದ ಚಳಿಯನ್ನೇ ಚಳಿಯೆಂದು ತಿಳಿದಿದ್ದ ನಾನು ನಡುಗುವುದನ್ನು ನೋಡಿ, ದಿನಾ ಬೆಳಿಗ್ಗೆ ಬೆಣ್ಣೆ, ಉಪ್ಪು ಹಾಕಿದ ಚಹಾ ತಂದುಕೊಡುತ್ತಿದ್ದರು. ಮೊದಲ ದಿನ ಅದು ಕೆಟ್ಟುಹೋದ ಸಾರು ಎಂದುಕೊಂಡು ಗುಡಾರದ ಹಿಂದೆ ಚೆಲ್ಲಿದೆ. ಐದನೆಯ ದಿನ ಲೋಟ ಹಿಡಿದು ಅವರ ದಾರಿ ಕಾಯುತ್ತಿದ್ದೆ.

ಅವರ ಮಗಳು ಬರಿತಲೆಯಲ್ಲಿ ಓಡಾಡುತ್ತಿದ್ದಳು. ಒಂದು ದಿನ ನೋಡಲಾರದೆ ಉಗ್ರಾಣದಿಂದ ಒಂದು ಟೋಪಿ ತೆಗೆದುಕೊಟ್ಟೆ. ಚೀಟಿ ಬರೆಯಲಿಲ್ಲ. ಇಪ್ಪತ್ತನಾಲ್ಕು ಗಂಟೆ ಆ ಪಾಪ ಹೊತ್ತುಕೊಂಡು ಓಡಾಡಿದೆ. ಮರುದಿನ ಚೀಟಿ ಬರೆದು, ಮಸಿಯ ಡಬ್ಬಿ ಹಿಡಿದು ಹೋಗಿ, ತಂದೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ವಸ್ತು: ಟೋಪಿ. ಸಂಖ್ಯೆ: ಒಂದು. ಸ್ಥಿತಿ: ಉತ್ತಮ. ಅವರು ಮಸಿಯಾದ ಹೆಬ್ಬೆರಳನ್ನು ಎತ್ತಿ ಹಿಡಿದು ಕಲ್ಲು ಒಡೆಯುವವರಿಗೆಲ್ಲ ತೋರಿಸಿ ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಲೆಕ್ಕ ಸರಿಹೋಗಿತ್ತು.

ನಮ್ಮ ಹವಾಲ್ದಾರರೊಬ್ಬರ ಹತ್ತಿರ ಕ್ಯಾಮೆರಾ ಇತ್ತು. ರೀಲಿನಲ್ಲಿ ಉಳಿದ ಕೊನೆಯ ಒಂದು ಚಿತ್ರವನ್ನು ಅಪ್ಪ ಮಗಳಿಗಾಗಿ ಖರ್ಚು ಮಾಡಿದರು. ಬಂದ ಪ್ರತಿ ಒಂದೇ ಒಂದು. ಅಷ್ಟರಲ್ಲಿ ರಸ್ತೆಯವರು ಮುಂದಕ್ಕೆ ಹೋಗಿಬಿಟ್ಟಿದ್ದರು. ಕೊಡಲು ಅವರಿಲ್ಲವಲ್ಲ ಎಂದು ನಾನು ಅದನ್ನು ಕಾಗದದ ಜೊತೆ ನನ್ನ ಅವ್ವನಿಗೆ ಕಳಿಸಿದೆ. "ಈ ಹಿರಿಯರು ಟಿಬೆಟಿನಿಂದ ಬಂದವರು. ಇಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಾರೆ. ಇವರು ಕೊಡುವ ಬಿಸಿ ಚಹಾದಿಂದ ನನ್ನ ಜೀವ ಉಳಿದಿದೆ" ಎಂದು ಬರೆದಿದ್ದೆ.

ಯುದ್ಧಕಾಲದಲ್ಲಿ ಪ್ರತಿ ಕಾಗದವನ್ನೂ ಓದಿ, ಗುಟ್ಟಿನ ಮಾತು ಇದ್ದರೆ ಮಸಿ ಬಳಿದು ಕಳಿಸುವ ಪದ್ಧತಿ. ಕನ್ನಡ ಕಾಗದಗಳನ್ನು ಓದುತ್ತಿದ್ದವರು ಬೆಳಗಾವಿ ಕಡೆಯ ಒಬ್ಬ ಸುಬೇದಾರರು. ಶಿಸ್ತಿನಲ್ಲಿ ನನ್ನನ್ನೂ ಮೀರಿದವರು. ಟಿಬೆಟ್ ಗುಟ್ಟು, ಮಸಿ. ರಸ್ತೆ ಗುಟ್ಟು, ಮಸಿ. ಕಲ್ಲು ಗುಟ್ಟು. ಚಹಾ ಹೇಗೆ ಗುಟ್ಟಾಯಿತೋ ಇಂದಿಗೂ ತಿಳಿಯದು, ಅದಕ್ಕೂ ಮಸಿ. ಫೋಟೋದಲ್ಲಿ ಹುಡುಗಿಯ ಹಿಂದೆ ಸೇತುವೆ ಕಾಣುತ್ತಿತ್ತಲ್ಲ, ಸೇತುವೆಯನ್ನು ಕತ್ತರಿಸಿದರು. ಹುಡುಗಿಯೂ ಸೇತುವೆಯ ಜೊತೆ ಹೋದಳು. ಕತ್ತರಿಸಿದ ಚೂರನ್ನು ಲಕೋಟೆಯಲ್ಲಿ ಹಾಕಿ, ಸಹಿ ಮಾಡಿ ನನಗೆ ಹಿಂತಿರುಗಿಸಿದರು. ನಾನು ಫೈಲ್ ಮಾಡಿದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕ ಕಾಗದ ಓದಿ ಹೇಳಿದಳಂತೆ. ಮಸಿಯ ನಡುವೆ ಉಳಿದಿದ್ದದ್ದು ಇಷ್ಟು: "ಈ ಹಿರಿಯರು... ಇವರು... ನನ್ನ ಜೀವ ಉಳಿದಿದೆ." ಫೋಟೋ ನೋಡಿದರೆ ಗಡ್ಡ, ನಿಲುವಂಗಿ, ಜಪಸರ. ನಮ್ಮಂಥ ಶಿವಭಕ್ತರ ಮನೆಯಲ್ಲಿ ಇನ್ನೇನು ಸಾಕ್ಷಿ ಬೇಕು? ಯಾರೋ ಮಹಾ ಸ್ವಾಮಿಗಳು ಹಿಮಾಲಯದಲ್ಲಿ ಮಗನ ತಲೆ ಕಾಯುತ್ತಿದ್ದಾರೆ ಎಂದು ಅವ್ವ ಅಂದೇ ಪೇಟೆಗೆ ಹೋಗಿ ಫೋಟೋಗೆ ಬಣ್ಣ ಹಾಕಿಸಿ ಕಟ್ಟು ಹಾಕಿಸಿದಳು. ನಿಲುವಂಗಿಗೆ ಯಾವ ಬಣ್ಣ ಎಂದು ಅಂಗಡಿಯವನು ಕೇಳಿದ್ದಕ್ಕೆ "ಕಾವಿ ಅಲ್ದೆ ಮತ್ತೇನು ಬಳೀತೀಯೋ?" ಎಂದಳಂತೆ. ಅವನೂ ಉತ್ಸಾಹಿ. ಹಣೆಗೆ ಮೂರೆಳೆ ವಿಭೂತಿ ಎಳೆದ, ಕೊರಳಿಗೆ ರುದ್ರಾಕ್ಷಿ ಹಾಕಿದ, ಗಡ್ಡವನ್ನು ಎದೆಯವರೆಗೆ ಬೆಳೆಸಿದ, ತಲೆಯ ಸುತ್ತ ಹಳದಿ ಪ್ರಭೆ ಪುಕ್ಕಟೆ ಕೊಟ್ಟ. ನಿಲುವಂಗಿಯ ಅಂಚು ಹಿಡಿದಿದ್ದ ಒಂದು ಪುಟ್ಟ ಕೈ ಮಾತ್ರ ಅವನಿಗೂ ಅರ್ಥವಾಗದೆ ಹಾಗೆಯೇ ಉಳಿಯಿತು. ಅದು ಶಿಷ್ಯನ ಕೈ ಎಂದು ಅವ್ವ ತೀರ್ಪು ಕೊಟ್ಟಳು.

ಮುಂದಿನ ವರ್ಷ ರಜೆಯಲ್ಲಿ ಬಂದಾಗ ನೋಡುತ್ತೇನೆ, ನನಗೆ ಚಹಾ ಕೊಡುತ್ತಿದ್ದವರು ಊದಿನಕಡ್ಡಿಯ ಹೊಗೆಯಲ್ಲಿ ನಗುತ್ತ ನಿಂತಿದ್ದಾರೆ. "ಕೈ ಮುಗಿಯೋ, ನಿನ್ನ ಉಳಿಸಿದವ್ರು" ಎಂದಳು ಅವ್ವ. ಒಂದು ಲೆಕ್ಕದಲ್ಲಿ ಸುಳ್ಳೇನಲ್ಲ. ಕೈ ಮುಗಿದೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ. ಮರುವರ್ಷವೇ ಅವ್ವ ತೀರಿಕೊಂಡಳು, ಅದಕ್ಕೆ ಮುಂಚೆ ಅಕ್ಕನನ್ನು ಕರೆದು ಫೋಟೋವನ್ನು ಅವಳ ಕೈಗೆ ಕೊಟ್ಟಳು. ಮನೆಯವರೆಲ್ಲ ಅಜ್ಜ ಎಂದು ಕರೆಯುತ್ತಿದ್ದ ಫೋಟೋದ ಸ್ವಾಮಿಗಳು ಹೀಗೆ ಶಿಕಾರಿಪುರದಿಂದ ಹೊಸಬಾಳೆಗೆ ಹೋದರು.

ಇದನ್ನೆಲ್ಲ ಆಯುಧಪೂಜೆಯ ದಿನ ಹೆಂಡತಿಗೆ ಮೊದಲ ಸಲ ಹೇಳಿದೆ. ಅವಳು ಚೂರನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಲ್ರೀ, ಯಾರದೋ ಮಗೂನ ಐವತ್ತು ವರ್ಷ ಫೈಲಿನಾಗ ಇಟ್ಕಂಡು ಕುಂತೀರಲ್ಲ, ನಿಮಗೇನೂ ಅನ್ಸಲಿಲ್ಲೇನು?"

"ಫೈಲ್ ತೆರೆದಿರಲಿಲ್ಲ."

"ದೀಪಾವಳಿ ಆದಮ್ಯಾಲೆ ಮುಂಡಗೋಡ ಕ್ಯಾಂಪಿನ ಸ್ವೆಟರ್‌ನೋರು ಬರ್ತಾರಲ್ಲ. ಅವರನ್ನ ಕೇಳ್ರಿ. ಸ್ವೆಟರಿನ ಹೊಲಿಗಿ ಎಣಿಸಿ ಎಣಿಸಿ ಅವರಿಗೆ ನಿಮ್ಮ ಪರಿಚಯ ಚೆನ್ನಾಗೈತಿ."

ಪ್ರತಿ ಚಳಿಗಾಲ ಮುಂಡಗೋಡದ ಟಿಬೆಟಿಯನ್ನರು ಬಂದು ನಮ್ಮೂರಿನ ರಸ್ತೆ ಬದಿ ಸಾಲಾಗಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಸಂಕ್ರಾಂತಿ ಮುಗಿದರೆ ಗಂಟು ಕಟ್ಟಿ ಹೊರಡುತ್ತಾರೆ. ಆ ಸಲ ಅವರು ಬಂದ ಮೂರನೆಯ ದಿನ ಬೆಳಿಗ್ಗೆ ಹೋದೆ. ಎಡತುದಿಯಿಂದ ಶುರು ಮಾಡಿ, ಒಂದೊಂದೇ ಅಂಗಡಿಯಲ್ಲಿ ಚೂರು ತೋರಿಸುತ್ತ ಬಂದೆ. ಮೊದಲನೆಯವರು ನಾನು ಯಾವಾಗಲೂ ಕೊಳ್ಳುವವರು. "ಸ್ವೆಟರ್ ವಾಪಸ್ ತಂದೀರೇನ್ರಿ ಮತ್ತ?" ಎಂದು ಗಾಬರಿಯಾದರು. ಎರಡು, ಮೂರು, ನಾಲ್ಕರಲ್ಲಿ ತಲೆಯಾಡಿಸಿದರು. ಆರನೆಯ ಅಂಗಡಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಟೋಪಿ ಮಡಚುತ್ತ ಕುಳಿತಿದ್ದರು. ಕನ್ನಡಕ ಹಾಕಿಕೊಂಡು ಚೂರು ನೋಡಿದರು. ಆಮೇಲೆ ಅದನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಅಣ್ಣಾರ, ಒಂದು ಟೋಪಿಗೆ ನಮ್ಮಪ್ಪನ ಹೆಬ್ಬಟ್ಟು ಒತ್ತಿಸ್ಕೊಂಡು ಹೋದ ಸಿಪಾಯಿ ನೀವೇನ್ರಿ?"

ಕೋರ್ಟಿನಲ್ಲಿ ನಿಂತವನ ಹಾಗೆ "ಹೌದು" ಎಂದೆ.

"ಟೋಪಿ ವಾಪಸ್ ಕೇಳಾಕ ಬಂದೀರೇನು? ಅದು ಇಲ್ರಿ. ಮುಂಡಗೋಡಕ್ಕ ಬರೂಮುಂದ ರೈಲಿನಾಗ ಕಳೀತು."

ಹೇಳುತ್ತ ಹೇಳುತ್ತ ಚೂರಿನ ಕತ್ತರಿಸಿದ ಅಂಚಿನ ಮೇಲೆ ಬೆರಳಿಟ್ಟರು. "ಇನ್ನರ್ಧ ಎಲ್ಲೈತ್ರಿ? ಇಲ್ಲಿ ನಮ್ಮಪ್ಪ ನಿಂತಿದ್ದ."

ಆ ಫೋಟೋ ತೆಗೆದ ಮುಂದಿನ ಬೇಸಿಗೆಯಲ್ಲಿ ಗುಡ್ಡ ಜರಿದು ಅವರ ತಂದೆ ರಸ್ತೆಯಲ್ಲೇ ಹೋಗಿಬಿಟ್ಟರಂತೆ. ದೇಹವೂ ಸಿಗಲಿಲ್ಲ, ಚಿತ್ರವೂ ಇರಲಿಲ್ಲ. ಬೇರೆಯವರ ಜೊತೆ ಹುಡುಗಿ ದಕ್ಷಿಣಕ್ಕೆ ಬಂದಳು. "ವರ್ಷಾ ದೀಪ ಹಚ್ಚತೀನ್ರಿ. ಹಚ್ಚೂಮುಂದ ಅಪ್ಪನ ಮಾರಿ ನೆನಪಾಗಂಗಿಲ್ಲ. ಬೀಡಿ ವಾಸನಿ ನೆನಪೈತಿ, ಅಂಗಿ ಹಿಡಕೊಂಡಿದ್ದು ನೆನಪೈತಿ. ಮಾರಿ ಇಲ್ಲ. ಮೊಮ್ಮಕ್ಕಳು ಕೇಳಿದ್ರ ಏನ್ ತೋರಿಸ್ಲಿ?"

"ಅವರು ಹೊಸಬಾಳೆಯಲ್ಲಿದ್ದಾರೆ" ಎಂದೆ. "ಚೆನ್ನಾಗಿದ್ದಾರೆ."

ಅವರು ಎದ್ದು ನಿಂತೇಬಿಟ್ಟರು. ನನ್ನ ಬಾಯಿಗೆ ಬೆಂಕಿ ಹಾಕಬೇಕು. "ಫೋಟೋ, ಫೋಟೋ" ಎಂದು ಅವಸರದಿಂದ ತಿದ್ದಿಕೊಂಡೆ. ಚೂರನ್ನು ಅವರ ಕೈಯಲ್ಲೇ ಬಿಟ್ಟು, ಇನ್ನರ್ಧವನ್ನು ಸಂಕ್ರಾಂತಿಯೊಳಗೆ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ಕೊಡುವಾಗ ಅಕ್ಕನ ನೆನಪಾಗಿರಲಿಲ್ಲ.

ಮರುದಿನವೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹಿಡಿದೆ. ತಾಳಗುಂದದ ಆಸುಪಾಸಿನಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು, ಬಸ್ಸು ಉಳಿದರ್ಧದಲ್ಲಿ ಹೋಯಿತು. ಹೊಸಬಾಳೆ ತಲುಪಿದಾಗ ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು. ಐವತ್ತೈದು ವರ್ಷದಿಂದ ಸೊರಬ ಸೀಮೆಯ ಮಾತು ಆಡಿ ಅಲ್ಲಿಯವಳೇ ಆಗಿಬಿಟ್ಟಿದ್ದಾಳೆ.

"ಎಂತ ಮಾರಾಯ, ಫೋನೂ ಮಾಡ್ದೆ ಬಂದ್ಯಲ. ಯಾರಾದ್ರೂ ಹೋದ್ರಾ?"

"ಯಾರೂ ಹೋಗಿಲ್ಲ. ಒಬ್ಬರು ಬಂದಿದ್ದಾರೆ" ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವರು ಸ್ವಾಮಿಗಳಲ್ಲ ಅಕ್ಕ. ರಸ್ತೆಗೆ ಕಲ್ಲು ಒಡೆಯುತ್ತಿದ್ದವರು."

"ಕಲ್ಲು ಒಡೆದೋರು ಸ್ವಾಮಿ ಆಗಬಾರ್ದು ಅಂತ ಯಾರು ಹೇಳಿದ್ರು ನಿಂಗೆ?"

ಸಿಪ್ಪೆಯನ್ನು ಪಕ್ಕಕ್ಕೆ ಎಸೆದು ಅವಳೇ ಮುಂದುವರಿಸಿದಳು.

"ನನ್ನ ನಾಕು ಬಾಣಂತನ ಕಾದಿದಾರೆ ಅಜ್ಜ. ಬೋರಲ್ಲಿ ನೀರು ಬಂದಿದ್ದು ಯಾರಿಂದ? ನಿನ್ನಿಂದನಾ?"

"ಬೋರ್ ಕೊರೆಯುವ ಲಾರಿಯಿಂದ."

"ಲಾರಿ ಬಂದಿದ್ದು ಯಾರಿಂದ?"

ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು ಹೋಗುತ್ತೇನೆ ಎಂದೆ. ದೇವರಮನೆಗೆ ಮೊಬೈಲ್ ತರುವಂತಿಲ್ಲ ಎಂದಳು. ಮೊಮ್ಮಗನ ಫೋನು ಮಂಗಳಾರತಿಯ ಹೊತ್ತಿಗೆ ಸಿನಿಮಾ ಹಾಡು ಹಾಡಿದ್ದರಿಂದ ಆದ ಕಾನೂನು. ಹಾಗಾದರೆ ಫೋಟೋವನ್ನೇ ಒಂದು ಗಳಿಗೆ ಹೊರಗೆ ತರೋಣವೆಂದರೆ ಅದೂ ಇಲ್ಲ. ಹಿಂದೆ ಸುಣ್ಣ ಹೊಡೆಯಲು ಒಮ್ಮೆ ಮೊಳೆಯಿಂದ ಇಳಿಸಿದ್ದಕ್ಕೆ ಅದೇ ವಾರ ಎಮ್ಮೆಯ ಕಾಲು ಮುರಿದಿತ್ತಂತೆ.

"ಅವ್ವ ನನ್ನ ಕೈಲಿ ಇಟ್ಟಿದ್ದು ಅದು. ಗೊತ್ತಿದ್ದೂ ಐವತ್ತು ವರ್ಷ ಬಾಯಿ ಮುಚ್ಕಂಡಿದ್ದವ ನೀನು. ಇನ್ನೊಂದು ಐವತ್ತು ವರ್ಷ ಮುಚ್ಕಂಡಿರು. ಕಾಫಿ ಕುಡೀತ್ಯಾ?"

ಕುಡಿದೆ. ಹೊರಡುವಾಗ ಬಾಗಿಲವರೆಗೂ ಬಂದು, ಬೇರೆಲ್ಲೋ ನೋಡುತ್ತ ಹೇಳಿದಳು: "ನೋಡ್ಬೇಕು ಅಂದ್ರೆ ಬರ್ಲಿ ಅವ್ಳು. ಬಂದೋರಿಗೆ ಬಾಗ್ಲು ಹಾಕಲ್ಲ ನಾನು. ಸೋಮವಾರ ಕರ್ಕಂಡ್ ಬಾ, ಪ್ರಸಾದ ಇರ್ತದೆ. ಕೊಡದಂತೂ ಇಲ್ಲ."

ಸೋಮವಾರ ಅವರು ಅಂಗಡಿಯನ್ನು ಪಕ್ಕದವರಿಗೆ ವಹಿಸಿ ಬಂದರು. ಸೊಂಟಕ್ಕೆ ಪಟ್ಟೆಪಟ್ಟೆಯ ಹೊಸ ಬಟ್ಟೆ ಕಟ್ಟಿದ್ದರು. ಚೀಲದಲ್ಲಿ ಒಂದು ಬಿಳಿ ರೇಷ್ಮೆಯ ವಸ್ತ್ರ, ಅಳತೆ ಗೊತ್ತಿಲ್ಲವೆಂದು ಅಕ್ಕನಿಗೆ ಎರಡು ಸ್ವೆಟರ್. ಬಸ್ಸು ಶಿರಾಳಕೊಪ್ಪ ದಾಟಿತು. ಆಮೇಲೆ ಮೆಲ್ಲಗೆ ಕೇಳಿದರು: "ಅಣ್ಣಾರ, ಅಪ್ಪಗ ಗಡ್ಡ ಇತ್ತೇನ್ರಿ? ನನಗ ನೆನಪಿಲ್ಲ."

"ಸ್ವಲ್ಪ ಇತ್ತು. ಈಗ ಜಾಸ್ತಿ ಇದೆ."

ಅವರು ನನ್ನ ಮುಖ ನೋಡಿದರು. ಇನ್ನು ಹೇಳದೆ ಉಪಾಯವಿರಲಿಲ್ಲ. "ಫೋಟೋಗೆ ಸ್ವಲ್ಪ ಬಣ್ಣ ಹಾಕಿದ್ದಾರೆ" ಎಂದೆ.

"ಸ್ವಲ್ಪ ಅಂದ್ರ?"

"ಸ್ವಲ್ಪ ಹೆಚ್ಚೇ."

ಅಕ್ಕ ಬಾಗಿಲಲ್ಲಿ ನಿಂತು ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಬಾ ತಂಗಿ, ಕಾಲು ತೊಳ್ಕ" ಎಂದಳು. ದೇವರಮನೆಯಲ್ಲಿ ದೀಪ ಉರಿಯುತ್ತಿತ್ತು. ಫೋಟೋಗೆ ಆ ದಿನದ ಸೇವಂತಿಗೆ ಹಾರ ಹಾಕಿದ್ದಳು. ಕಾವಿ, ವಿಭೂತಿ, ರುದ್ರಾಕ್ಷಿ, ಪ್ರಭೆ, ಎಲ್ಲವೂ ಮಸುಕಾಗದೆ ಹಾಗೇ ಇದ್ದವು. ಆ ಬಣ್ಣದವನ ಕೆಲಸ ಗಟ್ಟಿ, ಒಪ್ಪಬೇಕು. ಅಷ್ಟೆಲ್ಲದರ ಒಳಗಿನಿಂದ ಆ ಸ್ವಲ್ಪ ಮೋರೆ ಓರೆ ಮಾಡಿದ ನಗು ಮಾತ್ರ ಅವರದೇ.

ಮಗಳು ನೋಡುತ್ತ ನಿಂತರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ಬಾಗಿಲ ಕಡೆ ತಿರುಗಿದೆ. ಅಳುತ್ತಿರಲಿಲ್ಲ. ಬಾಯಿಗೆ ಸೆರಗಿನಂತೆ ವಸ್ತ್ರ ಒತ್ತಿಕೊಂಡು ನಗುತ್ತಿದ್ದರು.

"ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಈ ಮನಷ್ಯಾ ದಾಳ ಆಡಿ ನನ್ನ ಬೂಟು ಸೋತಿದ್ದ!"

ಅಕ್ಕ ನನ್ನನ್ನು ನೋಡಿದಳು. ಬೂಟಿನ ವಿಷಯ ನನಗೂ ಹೊಸದು.

"ಬೂಟು ಸೋತಿದ್ರಾ?"

"ಸೋತು, ಮರುದಿನ ಗೆದ್ದು ವಾಪಸ್ ತಂದಿದ್ದ್ರಿ."

"ತಂದ್ರಲ್ಲ ಮತ್ತೆ!" ಎಂದಳು ಅಕ್ಕ, ಅಜ್ಜನ ಪರ ವಹಿಸಿ. "ವಾಪಸ್ ತರೋರು ಎಷ್ಟು ಜನ ಅದಾರೆ ಈಗ?"

ಆ ನಗು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅವರು ಕಣ್ಣೊರೆಸಿಕೊಂಡು, ಚೀಲದಿಂದ ಚೂರು ತೆಗೆದು, ಗಾಜಿನ ಮೇಲೆ ಫೋಟೋದ ಅಂಚಿಗೆ ಸರಿಯಾಗಿ ಹಿಡಿದರು. ಹಾರವನ್ನು ಸ್ವಲ್ಪ ಸರಿಸಬೇಕಾಯಿತು. ಚೂರಿನಲ್ಲಿದ್ದ ಹುಡುಗಿಯ ತೋಳು ಬಂದು, ಕಾವಿಯ ಅಂಚು ಹಿಡಿದಿದ್ದ ಪುಟ್ಟ ಕೈಗೆ ಸೇರಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸುಬೇದಾರರ ಕತ್ತರಿ ಅಷ್ಟು ನೇರ.

ಅಕ್ಕ ಬಗ್ಗಿ ನೋಡಿದಳು. ಕೈ ನೋಡಿದಳು, ಹುಡುಗಿಯನ್ನು ನೋಡಿದಳು, ಪಕ್ಕದಲ್ಲಿ ನಿಂತವರನ್ನು ನೋಡಿದಳು.

"ಇದು ಶಿಷ್ಯನ ಕೈ ಅಲ್ವಾ? ನಿನ್ ಕೈನಾ?"

"ನಂದರಿ."

"ಅಯ್ಯೋ ಶಿವನೇ!" ಎಂದು ಅಕ್ಕ ಕೂಗಿದಳು. ಎರಡೂ ಕೈಯಲ್ಲಿ ಹಾರ ಹಿಡಿದು ಜಗ್ಗಿ ಕಿತ್ತಳು. ಸೇವಂತಿಗೆ ನೆಲದ ಮೇಲೆಲ್ಲ ಚೆಲ್ಲಿತು. "ಬದುಕಿರೋರ ಫೋಟೋಗೆ ಹಾರ ಹಾಕಬಾರ್ದೋ! ಐವತ್ತು ವರ್ಷ, ವಾರ ವಾರ, ಈ ಹುಡುಗಿ ಕೈ ಮೇಲೆ ಹಾರ ಹಾಕಿದೀನಲೋ ನಾನು!"

ನಮ್ಮ ಕಡೆ ಗೋಡೆಯ ಫೋಟೋಗೆ ಹಾರ ಬಿದ್ದರೆ ಅವರು ಹೋದರು ಎಂದೇ ಅರ್ಥ. ಬದುಕಿರುವವರ ಚಿತ್ರಕ್ಕೆ ಹಾಕಿದರೆ ಅವರ ಆಯುಷ್ಯಕ್ಕೆ ಕೈ ಹಾಕಿದಂತೆ. ಅಕ್ಕ ಅವರ ಬಲಗೈಯನ್ನು ಹಿಡಿದು ಬೆರಳು ಬೆರಳು ತಿರುವಿ ನೋಡತೊಡಗಿದಳು.

"ತಂಗಿ, ನಿಜ ಹೇಳು. ಈ ಕೈಗೆ ಎಂತಾದ್ರೂ ನೋವಿತ್ತಾ ನಿಂಗೆ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ರಟ್ಟಿ ಬಾಳ ನೋಯ್ತೈತ್ರಿ ಅಕ್ಕಾರ. ಹತ್ತು ವರ್ಷ ಆತು. ಕೈ ಎತ್ತಾಕ ಬರಂಗಿಲ್ಲ."

ಅಕ್ಕ ಹಣೆ ಹಣೆ ಬಡಿದುಕೊಂಡಳು.

"ಸ್ವೆಟರ್ ಗಂಟು ಹೊತ್ತು ಹೊತ್ತು ಬಂದ ನೋವು ಅದು ಅಕ್ಕ" ಎಂದೆ ನಾನು.

"ನೀ ಸುಮ್ನಿರು! ಎಲ್ಲ ಆಗಿದ್ದು ನಿನ್ನಿಂದ."

ಅದು ಸರಿಯೇ ಆದ್ದರಿಂದ ಬಗ್ಗಿ ಸೇವಂತಿಗೆ ಆರಿಸತೊಡಗಿದೆ.

ಎಮ್ಮೆಯ ಕಾಲಿಗೂ ಹೆದರದೆ ಅಕ್ಕ ತಾನೇ ಫೋಟೋವನ್ನು ಮೊಳೆಯಿಂದ ಇಳಿಸಿದಳು. ಸೆರಗಿನಿಂದ ಗಾಜು ಒರೆಸಿ, "ತಗಳವ್ವ. ಇನ್ನೊಂದು ದಿನ ಇದು ಈ ಗೋಡೆ ಮೇಲೆ ಇರಬಾರ್ದು. ನಿನ್ ಕೈ ನೀ ತಗಂಡೋಗು, ನಿನ್ನಪ್ಪನ್ನೂ ತಗಂಡೋಗು" ಎಂದು ಚಾಚಿದಳು. ಚಾಚಿದಳೇ ಹೊರತು ಅವಳ ಬೆರಳು ಕಟ್ಟನ್ನು ಬಿಡಲಿಲ್ಲ. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು.

ಅವರಿಗೂ ಅದು ಕಂಡಿತು. "ನಿಮ್ಮ ಗೋಡಿ ಖಾಲಿ ಆಕ್ಕೈತಲ್ರಿ" ಎಂದರು. "ಇಷ್ಟು ವರ್ಷ ದೀಪ ಹಚ್ಚಿದವ್ರು ನೀವು. ನಾ ನೋಡಿದ್ನಿ, ಸಾಕ್ರಿ."

"ಗೋಡೆ ನಂದು, ನಾ ನೋಡ್ಕತೀನಿ. ಹಿಡಿ ಅಂದ್ರೆ."

ಈ ಹಿಡಿ, ಬೇಡ ಎಂಬ ಮಾತು ಸಂಜೆಯವರೆಗೂ ನಡೆಯುವಂತಿತ್ತು. ಕೊನೆಗೆ ನಾನೇ ಆದೇಶ ಹೊರಡಿಸಿದೆ: ಮೂವರೂ ಸೊರಬಕ್ಕೆ ಹೋಗುವುದು, ಸ್ಟುಡಿಯೋದಲ್ಲಿ ಅಕ್ಕನಿಗೆ ಒಂದು ಪ್ರತಿ ಮಾಡಿಸುವುದು, ಅದರಲ್ಲಿ ಕೈ ಇರಕೂಡದು. ಅಸಲು ಮಗಳಿಗೆ. ಅಕ್ಕ ಪ್ರಸಾದ ತಿನ್ನಿಸಿ, ಎರಡು ಸ್ವೆಟರಿನಲ್ಲಿ ದೊಡ್ಡದನ್ನು ಹಾಕಿಕೊಂಡೇ ಹೊರಟಳು.

ಸ್ಟುಡಿಯೋದವರು ನಿಧಾನವಾಗಿ ಕಟ್ಟು ಬಿಚ್ಚಿ, ಎರಡು ಚೂರನ್ನೂ ಯಂತ್ರದ ಮೇಲೆ ಜೋಡಿಸಿಟ್ಟರು. ಕಂಪ್ಯೂಟರಿನಲ್ಲಿ ಅಪ್ಪ ಮಗಳು ಒಟ್ಟಿಗೆ ಬಂದರು, ಸೇತುವೆಯೂ ಬಂತು. ಅಕ್ಕನಿಗೆ ಕೈ ಇಲ್ಲದ ಅಜ್ಜ ಹೊಸ ಕಟ್ಟಿನಲ್ಲಿ ಸಿದ್ಧವಾದರು. ಆಮೇಲೆ ಸ್ಟುಡಿಯೋದವರು ಮಗಳ ಕಡೆ ತಿರುಗಿ, "ನಿಮ್ಮ ಮೊಮ್ಮಕ್ಕಳಿಗೆ ಇನ್ನೊಂದು ಪ್ರತಿ ಹಾಕಲಾ ಅಮ್ಮ? ಅದರಲ್ಲಿ ಈ ವಿಭೂತಿ, ಗಡ್ಡ, ಪ್ರಭೆ ಎಲ್ಲ ತೆಗೆದು ಮೊದಲಿನ ಹಾಗೆ ಮಾಡಿಕೊಡ್ತೀನಿ. ಐದು ನಿಮಿಷದ ಕೆಲಸ" ಎಂದರು.

ಅವರು ಅಕ್ಕನನ್ನು ನೋಡಿದರು. ಅಕ್ಕ ರಸ್ತೆಯಲ್ಲಿ ಹೋಗುವ ಬಸ್ಸನ್ನು ನೋಡುತ್ತ, "ನಿನ್ನಪ್ಪ, ನಿನ್ನಿಷ್ಟ" ಎಂದಳು.

"ಇರ್ಲಿ ಬಿಡ್ರಿ" ಎಂದರು ಅವರು. "ನಮ್ಮಪ್ಪ ಊರು ಬಿಟ್ಟ ಮ್ಯಾಲೆ ಎರಡು ಚಳಿಗಾಲ ಒಂದು ಜಾಗಾದಾಗ ಇದ್ದಾಂವ ಅಲ್ಲ. ಹೊಸಬಾಳ್ಯಾಗ ಐವತ್ತು ವರ್ಷ ಅದಾನ. ಆ ಮನಿ ಗುರುತು ಮೈಮ್ಯಾಲೆ ಇರಬೇಕಲ್ರಿ."

ಅಕ್ಕ ಆ ಬಸ್ಸು ಹೋದ ಮೇಲೂ ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದಳು.

ಅಸಲು ಫೋಟೋದ ಎರಡು ಭಾಗಗಳನ್ನೂ ಹಳೆಯ ಕಟ್ಟಿನಲ್ಲೇ ಸೇರಿಸಿ ಕೊಟ್ಟರು. ಅವರು ಬಿಳಿ ರೇಷ್ಮೆ ವಸ್ತ್ರವನ್ನು ತೆಗೆದು ಕಟ್ಟಿನ ಮೇಲೆ ಇಳಿಬಿಡಲು ಹೋದರು. "ಏ, ಏ! ಹಾರದ ಹಾಗಿದ್ಯಲೇ ಅದು! ನೀ ಬದುಕಿದೀಯ!" ಎಂದು ಅಕ್ಕ ಕೈ ಹಿಡಿದಳು. ತಮ್ಮಲ್ಲಿ ಅದು ಬದುಕಿರುವವರಿಗೂ ಹಾಕುವ ಮರ್ಯಾದೆ ಎಂದು ಅವರು ವಿವರಿಸಿ, ಅನುಮಾನ ಹೋಗಲೆಂದು ಅಕ್ಕನ ಕೊರಳಿಗೇ ಹಾಕಿಬಿಟ್ಟರು.

ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ಚೀಲದಿಂದ ಚೀಟಿ ಪುಸ್ತಕ ತೆಗೆದೆ. ಅಕ್ಕ "ಇವನೊಬ್ಬ" ಎಂದು ಗೊಣಗಿದಳು. ವಸ್ತು ಎಂಬ ಕಲಂನಲ್ಲಿ "ಹಳೆಯ ಫೋಟೋ, ಕಟ್ಟಿನ ಸಮೇತ" ಎಂದು ಬರೆಯಲು ಪೆನ್ನು ಊರಿದ್ದೆ, ಅವರು ನನ್ನ ಕೈ ತಡೆದರು.

"ಅಪ್ಪ ಅಂತ ಬರೀರಿ."

ಬರೆದೆ. ವಸ್ತು: ಅಪ್ಪ. ಸಂಖ್ಯೆ: ಒಂದು. ಸ್ಥಿತಿಯ ಕಲಂ ಬಂದಾಗ ಪೆನ್ನು ನಿಂತಿತು. ಉತ್ತಮ, ದುರಸ್ತಿಗೆ ಯೋಗ್ಯ, ನಿರುಪಯೋಗಿ ಎಂಬ ಮೂರರಲ್ಲಿ ಒಂದನ್ನು ಬರೆಯುವುದು ಸೈನ್ಯದ ನಿಯಮ. ಹಿಂದಿನಿಂದ ಅಕ್ಕನ ದನಿ ಬಂತು.

"ವಿಭೂತಿ ಸಮೇತ ಅಂತ ಬರಿ."

ಹಾಗೆಯೇ ಬರೆದು ಪುಸ್ತಕವನ್ನೂ ಪೆನ್ನನ್ನೂ ಅವರ ಮುಂದೆ ಇಟ್ಟೆ. ಅವರಿಗೆ ಮೂರು ಭಾಷೆಯಲ್ಲಿ ಸಹಿ ಮಾಡಲು ಬರುತ್ತದೆ. ಪೆನ್ನು ಮುಟ್ಟಲಿಲ್ಲ. ಸ್ಟುಡಿಯೋದವರ ಮೇಜಿನ ಮೇಲಿದ್ದ ಮಸಿಯ ಡಬ್ಬಿಯನ್ನು ಎಳೆದುಕೊಂಡು, ನೋಯುವ ಬಲಗೈಯ ಹೆಬ್ಬೆರಳನ್ನು ಅದ್ದಿ, ಚೀಟಿಯ ಕೆಳಗೆ ಒತ್ತಿದರು. ಆಮೇಲೆ ಕಪ್ಪಾದ ಹೆಬ್ಬೆರಳನ್ನು, ಎಷ್ಟು ಎತ್ತಲು ಬರುತ್ತಿತ್ತೋ ಅಷ್ಟು ಎತ್ತಿ ಹಿಡಿದು, ನಮಗೆಲ್ಲ ತೋರಿಸಿ ನಕ್ಕರು.

ಈ ಸಲ ನಾನೂ ನಕ್ಕೆ.